ಅದೇ ಆಟ, ಆದ್ರೆ ಅದಲ್ಲ: ಹಳೆಯ ಸ್ಟ್ರಾಟಜಿ ಗೇಮ್‌ಗಳ ಹೊಸ ರೂಪ ಯಾಕೆ ಬೇಜಾರು ತರುತ್ತದೆ?

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ಗೆಳೆಯನ ಫೋನ್ ಬಂತು. ಪಿಯುಸಿಯಲ್ಲಿ ನಾವಿಬ್ಬರೂ ಒಟ್ಟಿಗೆ ಓದಿದವರು. ಓದಿದ್ದಕ್ಕಿಂತ ಜಾಸ್ತಿ ರಾಜಾಜಿನಗರದ ಒಂದು ಸೈಬರ್ ಕೆಫೆಯಲ್ಲಿ ಒಟ್ಟಿಗೆ ಕೂತವರು. ಈಗ ಅವನು ವೈಟ್‌ಫೀಲ್ಡ್‌ನಲ್ಲಿದ್ದಾನೆ, ನಾನು ಇನ್ನೂ ಇಲ್ಲೇ ಇದ್ದೇನೆ. ಆವತ್ತು ಅವನು ಹೊಸ ಲ್ಯಾಪ್‌ಟಾಪ್‌ಗೆ ನಮ್ಮ ಕಾಲದ ಒಂದು ಗೇಮ್‌ನ ಹೊಸ ಆವೃತ್ತಿಯನ್ನು ದುಡ್ಡು ಕೊಟ್ಟು ಇಳಿಸಿಕೊಂಡಿದ್ದ.

"ಮಗಾ, ಅದೇ ಆಟ ಕಣೋ. ಆದ್ರೆ ಅದಲ್ಲ" ಅಂದ.

ಏನು ವ್ಯತ್ಯಾಸ ಅಂತ ಕೇಳಿದೆ. ಅವನಿಗೂ ಹೇಳಲು ಬರಲಿಲ್ಲ. "ಚಿತ್ರ ಚೆನ್ನಾಗಿದೆ. ಸೌಂಡ್ ಚೆನ್ನಾಗಿದೆ. ಏನೋ ಸರಿ ಇಲ್ಲ."

ಈ 'ಏನೋ ಸರಿ ಇಲ್ಲ' ಅನ್ನುವ ಮಾತನ್ನು ಈಗ ತುಂಬ ಜನ ಆಡುತ್ತಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ಆ ಹೊತ್ತಿಗೆ ಅನೇಕರು ಕಂಪ್ಯೂಟರ್ ಬದಲಾಯಿಸಿದರು. ಹೊಸದರಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಕಪಾಟಿನಲ್ಲಿದ್ದ ಹಳೆಯ ಸಿಡಿಯನ್ನು ಇಟ್ಟುಕೊಂಡು ಏನು ಮಾಡುವುದು? ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಬಾಲ್ಯದ ಆಟಗಳೆಲ್ಲ ಹೊಸ ಬಟ್ಟೆ ತೊಟ್ಟು ನಿಂತಿವೆ. ಹೆಸರಿನ ಮುಂದೆ ಡೆಫಿನಿಟಿವ್, ರೀಮಾಸ್ಟರ್ಡ್, ರೀಫೋರ್ಜ್ಡ್, ರೀಟೋಲ್ಡ್ ಅಂತ ಒಂದೊಂದು ಬಾಲ. ಕೆಲವು ನಿಜಕ್ಕೂ ಚೆನ್ನಾಗಿವೆ. ಕೆಲವನ್ನು ಕೊಂಡವರು ತಲೆ ಚಚ್ಚಿಕೊಂಡಿದ್ದಾರೆ. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಈ ಆಟಗಳು ಒಳಗೆ ಹೇಗೆ ನಡೆಯುತ್ತವೆ ಅಂತ ಸ್ವಲ್ಪ ನೋಡಬೇಕು.

ಸ್ಟ್ರಾಟಜಿ ಗೇಮ್ ಅಂದರೆ

ಹಳೆಯ ದೇವಸ್ಥಾನಗಳ ಜಗಲಿ ಕಲ್ಲಿನ ಮೇಲೆ ಗೀಚಿದ ಆಡು-ಹುಲಿ ಆಟದ ಮನೆಗಳನ್ನು ನೋಡಿರುತ್ತೀರಿ. ಒಂದು ಕಡೆ ಕೆಲವೇ ಹುಲಿ, ಇನ್ನೊಂದು ಕಡೆ ಹಿಂಡು ಆಡು. ಹುಲಿ ಹಾರಿ ತಿನ್ನುತ್ತದೆ. ಆಡುಗಳು ಸುತ್ತುವರಿದು ಹುಲಿಯನ್ನು ಕಟ್ಟಿಹಾಕಬೇಕು. ಕೈಚಳಕ ಬೇಡ, ಓಟ ಬೇಡ. ಯಾವ ಕಾಯಿ ಎಲ್ಲಿ, ಯಾವಾಗ ಅನ್ನುವ ಲೆಕ್ಕ ಬೇಕು. ಸ್ಟ್ರಾಟಜಿ ಗೇಮ್‌ನ ಬೇರು ಇದೇ.

ಕಂಪ್ಯೂಟರಿನಲ್ಲಿ ಇದಕ್ಕೆ ಎರಡು ಬಗೆ. ಒಂದು, ಚೆಸ್‌ನ ಹಾಗೆ ಸರದಿಯ ಮೇಲೆ ಆಡುವುದು. ಇನ್ನೊಂದು, ಯಾರೂ ಸರದಿ ಕಾಯದೆ ಎಲ್ಲರೂ ಒಟ್ಟಿಗೇ ಕಾಯಿ ನಡೆಸುವುದು. ಇದನ್ನು ರಿಯಲ್ ಟೈಮ್ ಸ್ಟ್ರಾಟಜಿ ಅನ್ನುತ್ತಾರೆ. ಬೆಂಗಳೂರಿನ ಕೆಫೆಗಳಲ್ಲಿ ನಮ್ಮ ಸಂಜೆಗಳನ್ನು ನುಂಗಿದ್ದು ಹೆಚ್ಚಾಗಿ ಎರಡನೆಯ ಬಗೆಯ ಆಟಗಳೇ. ಅದರಲ್ಲೂ 1999ರಲ್ಲಿ ಎನ್‌ಸೆಂಬಲ್ ಸ್ಟುಡಿಯೋಸ್ ಮಾಡಿದ 'ಏಜ್ ಆಫ್ ಎಂಪೈರ್ಸ್ 2'.

ಆ ಆಟ ಶುರುವಾಗುವುದು ಒಂದು ಪುಟ್ಟ ಊರು, ಮೂವರು ಹಳ್ಳಿಗರು, ಕುದುರೆ ಮೇಲೆ ಒಬ್ಬ ಬೇಹುಗಾರನಿಂದ. ಹಳ್ಳಿಗರು ಕುರಿ ಕೊಯ್ಯುತ್ತಾರೆ, ಮರ ಕಡಿಯುತ್ತಾರೆ, ಚಿನ್ನ ಅಗೆಯುತ್ತಾರೆ. ಆ ಸಂಪಾದನೆಯಿಂದ ಸೇನೆ ಕಟ್ಟಬೇಕು. ಒಬ್ಬ ಹಳ್ಳಿಗನಿಗೆ 50 ಆಹಾರ, ತಯಾರಾಗಲು 25 ಸೆಕೆಂಡ್. ಒಬ್ಬ ಕುದುರೆ ಸರದಾರನಿಗೆ 60 ಆಹಾರ, 75 ಚಿನ್ನ. ಅವನನ್ನು ತಡೆಯುವ ಈಟಿಯವನಿಗೆ 35 ಆಹಾರ, 25 ಮರ. ಅಂದರೆ ಚಿನ್ನವೇ ಬೇಡದ ಬಡ ಸಿಪಾಯಿ ದುಬಾರಿ ಸರದಾರನನ್ನು ಕೆಡವಬಲ್ಲ. ಈ ಅಂಕಿಗಳ ನಡುವಿನ ಎಳೆದಾಟವೇ ಆಟ.

ಈಗ ಒಂದು ಪ್ರಶ್ನೆ. ಆ 25 ಸೆಕೆಂಡನ್ನು 20 ಮಾಡಿದರೆ ಏನಾಗುತ್ತದೆ? ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಆದರೆ ಹತ್ತು ನಿಮಿಷದ ಹೊತ್ತಿಗೆ ನಿಮ್ಮ ಊರಿನಲ್ಲಿ ಇರಬೇಕಾದ ಜನಸಂಖ್ಯೆಯೇ ಬೇರೆ. ದಾಳಿ ಯಾವಾಗ ಬರುತ್ತದೆ ಅನ್ನುವ ನಿಮ್ಮ ಅಂದಾಜೂ ತಪ್ಪುತ್ತದೆ. ಚೆಸ್‌ನಲ್ಲಿ ಕುದುರೆ ಎರಡೂವರೆ ಮನೆಯ ಬದಲು ಮೂರೂವರೆ ಮನೆ ಹಾರಿದ ಹಾಗೆ. ಕಾಯಿ ಎಷ್ಟೇ ಚೆಂದ ಕೆತ್ತಿದ್ದರೂ ಅದು ಚೆಸ್ ಅಲ್ಲ, ಅಲ್ವಾ?

ಸುಣ್ಣ ಬಣ್ಣವೋ, ಕೆಡವಿ ಕಟ್ಟಿದ್ದೋ

ಬಸವನಗುಡಿಯ ಒಂದು ಹಳೆಯ ಮನೆ ಅಂದುಕೊಳ್ಳಿ. ಕೆಂಪು ಹೆಂಚು, ಮುಂದೆ ಜಗಲಿ. ಅದಕ್ಕೆ ಸುಣ್ಣ ಬಣ್ಣ ಹೊಡೆಸಿ, ವೈರಿಂಗ್ ಬದಲಿಸಿ, ಹೊಸ ನಲ್ಲಿ ಹಾಕಿಸಿದರೆ ಗೋಡೆ ಅದೇ, ಅಡುಗೆಮನೆಯೂ ಅಲ್ಲೇ. ಕತ್ತಲಲ್ಲೂ ನೀವು ಎಡವದೆ ಬಚ್ಚಲಿಗೆ ಹೋಗಬಹುದು. ಇದು ರೀಮಾಸ್ಟರ್.

ಅದೇ ಮನೆಯನ್ನು ಪೂರ್ತಿ ಕೆಡವಿ, ಅದೇ ಸೈಟಿನಲ್ಲಿ ಹೊಸದಾಗಿ ಕಟ್ಟಿ, ಗೇಟಿಗೆ ಹಳೆಯ ಹೆಸರಿನ ಹಲಗೆಯನ್ನೇ ತೂಗುಹಾಕಿದರೆ ಅದು ರೀಮೇಕ್. ಸೈಟ್ ಮಾರಿ, ಹೆಸರನ್ನು ಮಾತ್ರ ಇಟ್ಟುಕೊಂಡು ಬೇರೆ ಬಡಾವಣೆಯಲ್ಲಿ ಬೇರೆ ಥರದ ಮನೆ ಕಟ್ಟಿದರೆ ರೀಬೂಟ್.

ಸಿನಿಮಾದ ಮಾತಲ್ಲಿ ಹೇಳುವುದಾದರೆ, ರಾಜ್‌ಕುಮಾರ್ ಅವರ ಕಪ್ಪು ಬಿಳುಪು ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ತೆರೆಗೆ ತಂದರಲ್ಲ, ಅದು ರೀಮಾಸ್ಟರ್. ಅದೇ ಕತೆಯನ್ನು ಬೇರೆ ನಟರನ್ನು ಹಾಕಿ ಮತ್ತೆ ಚಿತ್ರೀಕರಿಸಿದ್ದರೆ ರೀಮೇಕ್.

ಮೂರರಲ್ಲಿ ಯಾವುದೂ ತಪ್ಪಲ್ಲ. 1994ರ 'ಎಕ್ಸ್-ಕಾಮ್' ಆಟವನ್ನು ಫಿರಾಕ್ಸಿಸ್ ಕಂಪನಿ 2012ರಲ್ಲಿ ಪೂರ್ತಿ ಬದಲಿಸಿ ಕಟ್ಟಿತು. ಜನ ಮೆಚ್ಚಿಕೊಂಡರು. ಯಾಕೆಂದರೆ ಅದು ಹೊಸ ಮನೆ ಅಂತ ಮೊದಲೇ ಗೊತ್ತಿತ್ತು. ತೊಂದರೆ ಆಗುವುದು ಸುಣ್ಣ ಬಣ್ಣ ಅಂತ ಹೇಳಿ ಒಳಗಿನ ಗೋಡೆ ಸರಿಸಿದಾಗ.

ಚಿತ್ರದ ಹಿಂದೆ ಕೂತಿರುವುದು

ನನ್ನ ಗೆಳೆಯನಿಗೆ ಹೇಳಲು ಬಾರದ ಆ 'ಏನೋ' ಹೆಚ್ಚಾಗಿ ಅಡಗಿರುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ದಾರಿ ಹುಡುಕುವ ಲೆಕ್ಕ. ಇಂಗ್ಲಿಷಿನಲ್ಲಿ ಪಾತ್‌ಫೈಂಡಿಂಗ್ ಅನ್ನುತ್ತಾರೆ. ಒಬ್ಬ ಸೈನಿಕನಿಗೆ 'ಅಲ್ಲಿಗೆ ಹೋಗು' ಅಂತ ಮೌಸ್ ಒತ್ತುತ್ತೀರಿ. ನಡುವೆ ಕಾಡಿದೆ, ಕೆರೆ ಇದೆ, ಗೋಡೆ ಇದೆ. ಯಾವ ದಾರಿಯಲ್ಲಿ ಹೋಗಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕಬೇಕು. ಒಬ್ಬನಾದರೆ ಸುಲಭ. ಒಬ್ಬ ಆಟೋದವನು ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಒಳದಾರಿ ಹಿಡಿದ ಹಾಗೆ. ಆದರೆ ಅರವತ್ತು ಆಟೋಗಳು ಒಂದೇ ಗಳಿಗೆಗೆ ಹೊರಟು, ಚಿಕ್ಕಪೇಟೆಯ ಒಂದೇ ಗಲ್ಲಿಯ ಒಂದೇ ಅಂಗಡಿ ಮುಂದೆ ನಿಲ್ಲಬೇಕು ಅಂದರೆ? ಯಾರು ಮುಂದೆ, ಯಾರು ಕಾಯಬೇಕು, ಯಾರು ಸುತ್ತಿ ಬರಬೇಕು? ಹಳೆಯ ಕಂಪ್ಯೂಟರುಗಳಿಗೆ ಇದು ಮೈಮುರಿಯುವ ಕೆಲಸ. ಹಾಗಾಗಿ ಪ್ರೋಗ್ರಾಮರುಗಳು ನೂರೆಂಟು ಉಪಾಯ ಮಾಡಿದರು.

ಒಂದು ಉಪಾಯ ನನಗೆ ತುಂಬ ಇಷ್ಟ. 1998ರ 'ಸ್ಟಾರ್‌ಕ್ರಾಫ್ಟ್' ಆಟದಲ್ಲಿ ಗಣಿಯಿಂದ ಖನಿಜ ತರುವ ಕೆಲಸಗಾರರು ಒಬ್ಬರಿಗೊಬ್ಬರು ಅಡ್ಡ ಬಂದು ಸಿಕ್ಕಿಹಾಕಿಕೊಳ್ಳುತ್ತಿದ್ದರು. ಕೊನೆಗೆ ಅವರು ಖನಿಜದ ಕೆಲಸದಲ್ಲಿದ್ದಾಗ ಮಾತ್ರ ಒಬ್ಬರೊಳಗೊಬ್ಬರು ದೆವ್ವದ ಹಾಗೆ ತೂರಿಹೋಗಲು ಬಿಟ್ಟರು. ಆ ತಂಡದಲ್ಲಿದ್ದ ಪ್ರೋಗ್ರಾಮರ್ ಪ್ಯಾಟ್ರಿಕ್ ವಯಟ್ ಇದನ್ನು ಆಮೇಲೆ ಬರೆದಿದ್ದಾರೆ. ಗಡಿಬಿಡಿಯಲ್ಲಿ ಮಾಡಿದ ಒಂದು ತೇಪೆ. ಆದರೆ ಆಟಗಾರರು ಅದನ್ನೇ ಅಸ್ತ್ರ ಮಾಡಿಕೊಂಡರು. ಶತ್ರುವಿನ ಮುತ್ತಿಗೆ ಬಿದ್ದಾಗ ಕೆಲಸಗಾರರನ್ನು ಖನಿಜದ ಕಡೆ ಕಳಿಸಿದರೆ ಅವರು ಸೈನಿಕರ ನಡುವಿನಿಂದಲೇ ನುಸುಳಿ ಪಾರಾಗುತ್ತಾರೆ. ಹೊಸ ಆವೃತ್ತಿ ಮಾಡುವವನು 'ಇದು ತಪ್ಪು' ಅಂತ ತಿದ್ದಿದರೆ ಇಪ್ಪತ್ತು ವರ್ಷದ ವಿದ್ಯೆಯೇ ಹೋಯಿತು.

ಎರಡನೆಯದು, ಆನ್‌ಲೈನ್ ಆಟದ ಗುಟ್ಟು. ನೀವು ಬೆಂಗಳೂರಿನಲ್ಲಿ, ನಿಮ್ಮ ಭಾವ ಹುಬ್ಬಳ್ಳಿಯಲ್ಲಿ ಕೂತು ಫೋನಿನಲ್ಲಿ ಚೆಸ್ ಆಡುತ್ತಿದ್ದೀರಿ ಅಂದುಕೊಳ್ಳಿ. ಇಬ್ಬರ ಮುಂದೆಯೂ ಒಂದೊಂದು ಹಲಗೆ ಇದೆ. ಫೋನಿನಲ್ಲಿ ನೀವು ಇಡೀ ಹಲಗೆಯ ವರ್ಣನೆ ಮಾಡುವುದಿಲ್ಲ. 'ಆನೆ ನಾಲ್ಕು ಮನೆ ಮುಂದೆ' ಅಂತಷ್ಟೇ ಹೇಳುತ್ತೀರಿ. ಇಬ್ಬರೂ ತಮ್ಮ ತಮ್ಮ ಹಲಗೆಯಲ್ಲಿ ಕಾಯಿ ಸರಿಸುತ್ತೀರಿ. ಮೊದಲ 'ಏಜ್ ಆಫ್ ಎಂಪೈರ್ಸ್' ಕೂಡ ಹೀಗೇ ನಡೆಯುತ್ತಿತ್ತು. ಫೋನ್ ತಂತಿಯ ಮೇಲೆ ನಡೆಯುತ್ತಿದ್ದ ಆಗಿನ ನಿಧಾನದ 28.8 ಮೋಡೆಮ್‌ನಲ್ಲಿ ನೂರಾರು ಸೈನಿಕರ ಜಾಗವನ್ನು ಕ್ಷಣಕ್ಷಣಕ್ಕೂ ಕಳಿಸಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಆಟಗಾರರು ಕೊಟ್ಟ ಅಪ್ಪಣೆಯನ್ನು ಮಾತ್ರ ಕಳಿಸಿ, ಉಳಿದದ್ದನ್ನು ಪ್ರತಿ ಕಂಪ್ಯೂಟರೂ ತಾನೇ ಲೆಕ್ಕ ಹಾಕಿಕೊಳ್ಳುವಂತೆ ಮಾಡಿದರು.

ಇದರಲ್ಲಿ ಒಂದು ಅಪಾಯ ಇದೆ. ಹುಬ್ಬಳ್ಳಿಯ ಹಲಗೆಯಲ್ಲಿ ಬೆಕ್ಕು ಬಂದು ಒಂದು ಕಾಯಿ ಸರಿಸಿದರೆ ಆಮೇಲೆ ಇಬ್ಬರೂ ಬೇರೆ ಬೇರೆ ಆಟ ಆಡುತ್ತಿರುತ್ತೀರಿ, ಗೊತ್ತೇ ಆಗುವುದಿಲ್ಲ. ಆ ಆಟ ಮಾಡಿದ ಪಾಲ್ ಬೆಟ್ನರ್ ಮತ್ತು ಮಾರ್ಕ್ ಟೆರಾನೊ 2001ರಲ್ಲಿ ಬರೆದ ಲೇಖನದಲ್ಲಿ ಇದಕ್ಕೊಂದು ಸೊಗಸಾದ ಉದಾಹರಣೆ ಇದೆ. ನಕ್ಷೆ ತಯಾರಾಗುವಾಗ ಒಂದು ಜಿಂಕೆ ಎರಡು ಕಂಪ್ಯೂಟರುಗಳಲ್ಲಿ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ನಿಂತರೆ ಸಾಕು. ಅದು ಮೇಯುವ ಜಾಗ ಬೇರೆಯಾಗುತ್ತದೆ. ಕೆಲವು ನಿಮಿಷ ಬಿಟ್ಟು ಬೇಟೆಗೆ ಹೋದ ಹಳ್ಳಿಗನ ದಾರಿ ಬೇರೆಯಾಗುತ್ತದೆ, ಅಥವಾ ಈಟಿ ಗುರಿ ತಪ್ಪಿ ಅವನು ಮಾಂಸ ಇಲ್ಲದೆ ಮನೆಗೆ ಬರುತ್ತಾನೆ. ಎರಡು ಕಡೆಯ ಲೆಕ್ಕ ತಾಳೆಯಾಗುವುದಿಲ್ಲ, ಆಟ ನಿಂತುಹೋಗುತ್ತದೆ. 2013ರಲ್ಲಿ 'ಏಜ್ ಆಫ್ ಎಂಪೈರ್ಸ್ 2'ರ ಎಚ್‌ಡಿ ಆವೃತ್ತಿ ಬಂದಾಗ ಆಟಗಾರರು ಹೆಚ್ಚು ಬೈದುಕೊಂಡದ್ದು ಇದೇ ತೊಂದರೆಗೆ. 'ಔಟ್ ಆಫ್ ಸಿಂಕ್' ಅಂತ ಬಂದು ಮುಗಿಯುವ ಹಂತದ ಆಟಗಳು ಮುರಿದು ಬೀಳುತ್ತಿದ್ದವು. ಇಂಥ ಹಳೆಯ ಕೋಡನ್ನು ಮುಟ್ಟುವುದೆಂದರೆ ಇಸ್ಪೀಟಿನ ಮನೆಯ ಕೆಳಗಿನ ಎಲೆ ಎಳೆದ ಹಾಗೆ.

ಇನ್ನು ಎಂಜಿನ್. ಎಂಜಿನ್ ಅಂದರೆ ಆಟದ ಅಡಿಪಾಯದ ಪ್ರೋಗ್ರಾಂ. ಚಿತ್ರ ಬಿಡಿಸುವುದು, ಗುಂಡು ಹಾರಿಸುವುದು, ಪೆಟ್ಟಿನ ಲೆಕ್ಕ ಎಲ್ಲ ಅದರದ್ದು. 1999ರ 'ಹೋಮ್‌ವರ್ಲ್ಡ್' ಬಾಹ್ಯಾಕಾಶದ ಯುದ್ಧದ ಆಟ. ಅದರಲ್ಲಿ ಹಾರಿದ ಪ್ರತಿ ಗುಂಡಿಗೂ ತನ್ನದೇ ದಾರಿ ಇತ್ತು. ಹಡಗು ಪಕ್ಕಕ್ಕೆ ಸರಿದರೆ ಗುಂಡು ನಿಜವಾಗಿಯೂ ತಪ್ಪುತ್ತಿತ್ತು. ಹಡಗುಗಳ ವ್ಯೂಹಕ್ಕೆ ಬೆಲೆ ಇತ್ತು. 2003ರ ಎರಡನೇ ಭಾಗದಲ್ಲಿ ಪದ್ಧತಿ ಬೇರೆ. ಗುಂಡು ತಗಲುತ್ತದೋ ಇಲ್ಲವೋ ಅನ್ನುವುದನ್ನು ಹೆಚ್ಚಾಗಿ ದಾಳ ಉರುಳಿಸಿದ ಹಾಗೆ ತೀರ್ಮಾನ ಮಾಡುತ್ತಿದ್ದರು. 2015ರಲ್ಲಿ ಗೇರ್‌ಬಾಕ್ಸ್ ಕಂಪನಿ ಎರಡೂ ಆಟಗಳನ್ನು ಹೊಸದಾಗಿ ತಂದಾಗ ಮೊದಲ ಆಟವನ್ನೂ ಎರಡನೆಯದರ ಎಂಜಿನ್ ಮೇಲೆ ಕೂರಿಸಿತು. ಕಣ್ಣಿಗೆ ಹಬ್ಬ. ಆದರೆ ವ್ಯೂಹ ಕಟ್ಟಿದ ಹಡಗುಗಳು ಯುದ್ಧ ಶುರುವಾಗುತ್ತಲೇ ಚದುರಿಹೋಗುತ್ತಿದ್ದವು. ಆಟಗಾರರ ದೂರು ಕೇಳಿ 2016ರಲ್ಲಿ ದೊಡ್ಡ ತಿದ್ದುಪಡಿ ತಂದು ಒಂದಿಷ್ಟು ಸರಿಪಡಿಸಿದರು. ಬೆಣ್ಣೆ ದೋಸೆ ಹುಯ್ಯುತ್ತಿದ್ದ ಹಳೆಯ ಕಾವಲಿ ತೆಗೆದು ಹೊಸ ನಾನ್‌ಸ್ಟಿಕ್ ತವಾ ಇಟ್ಟರೆ ಹಿಟ್ಟು ಅದೇ ಆದರೂ ದೋಸೆ ಅದೇ ಆಗುವುದಿಲ್ಲ.

ಕೊನೆಗೆ ಕಣ್ಣು. ಹಳೆಯ ಮಾನಿಟರಿನಲ್ಲಿ ಒಬ್ಬ ಸೈನಿಕನಿಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಚುಕ್ಕೆಗಳು. ಅಷ್ಟರಲ್ಲೇ ಇವನು ಬಿಲ್ಲುಗಾರ, ಇವನು ಈಟಿಯವನು ಅಂತ ಗೊತ್ತಾಗಬೇಕಿತ್ತು. ಅದಕ್ಕೇ ಕಲಾವಿದರು ಯಕ್ಷಗಾನದ ವೇಷದ ಹಾಗೆ ಎಲ್ಲವನ್ನೂ ಹಿಗ್ಗಿಸಿದರು. ದೊಡ್ಡ ಬಿಲ್ಲು, ಅಗಲ ಭುಜ, ಢಾಳು ಬಣ್ಣ. ಆ ವೇಷ ದೂರದಿಂದಲೇ ಗುರುತು ಸಿಗಬೇಕು, ಅದಕ್ಕೇ ಅಷ್ಟು ದೊಡ್ಡದು. ಹೊಸ ಆವೃತ್ತಿಯಲ್ಲಿ 'ಸಹಜ'ವಾಗಿರಲಿ ಅಂತ ತೆಳು ಬಿಲ್ಲು, ಮಣ್ಣಿನ ಬಣ್ಣದ ಅಂಗಿ, ಸೂಕ್ಷ್ಮ ನೆರಳು ಕೊಡುತ್ತಾರೆ. ಒಬ್ಬನೇ ನಿಂತರೆ ಸೊಗಸು. ಎಂಬತ್ತು ಜನ ಒಟ್ಟಿಗೆ ನಿಂತರೆ ರಾಗಿ ಕಾಳು ಚೆಲ್ಲಿದ ಹಾಗೆ. ಯಾರನ್ನು ಮೊದಲು ಹೊಡೆಯಬೇಕು ಅಂತ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕಾದ ಆಟದಲ್ಲಿ ಇದು ಸಣ್ಣ ತೊಂದರೆಯಲ್ಲ.

ವಾರ್‌ಕ್ರಾಫ್ಟ್ 3ರ ಕತೆ

ಈ ವಿಷಯದ ಮಾತು ಬಂದಾಗಲೆಲ್ಲ ಮೊದಲು ಬರುವ ಹೆಸರು 'ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್'. ಮೂಲ ಆಟ 2002ರದ್ದು, ಬ್ಲಿಝಾರ್ಡ್ ಕಂಪನಿಯದ್ದು. ಅದರ ಜೊತೆ ನಕ್ಷೆ ತಯಾರಿಸುವ ಸಾಧನವನ್ನೂ ಕೊಟ್ಟಿದ್ದರು. ಆಟಗಾರರು ಅದರಲ್ಲಿ ತಮ್ಮದೇ ಆಟಗಳನ್ನು ಕಟ್ಟಿದರು. ನಮ್ಮ ಕಾಲೇಜು ಹಾಸ್ಟೆಲ್‌ಗಳಲ್ಲಿ ಹುಡುಗರ ನಿದ್ದೆಗೆಡಿಸಿದ 'ಡೋಟಾ' ಹುಟ್ಟಿದ್ದು ಹೀಗೇ.

2018ರ ನವೆಂಬರಿನಲ್ಲಿ ಹೊಸ ಆವೃತ್ತಿ ಬರುತ್ತದೆ ಅಂತ ಬ್ಲಿಝಾರ್ಡ್ ಹೇಳಿತು. ಒಂದು ದೃಶ್ಯವನ್ನು ಹೊಸ ಕ್ಯಾಮೆರಾ ಕೋನ, ಹೊಸ ಮುಖಭಾವಗಳೊಂದಿಗೆ ತೋರಿಸಿತು. ನಾಲ್ಕು ಗಂಟೆಗೂ ಹೆಚ್ಚು ಕಾಲದ ಕತೆಯ ದೃಶ್ಯಗಳು ಹೊಸದಾಗುತ್ತವೆ ಅಂತ ಮಾತು ಕೊಟ್ಟಿತು. ಜನ ಮುಂಗಡ ದುಡ್ಡು ಕಟ್ಟಿದರು. 2020ರ ಜನವರಿ ಕೊನೆಯಲ್ಲಿ ಆಟ ಬಂತು. ತೋರಿಸಿದ್ದ ಆ ದೃಶ್ಯಗಳು ಇರಲಿಲ್ಲ. ಹೆಚ್ಚಿನ ಕಡೆ ಹಳೆಯ ದೃಶ್ಯಗಳಿಗೇ ಹೊಸ ಬೊಂಬೆಗಳನ್ನು ನಿಲ್ಲಿಸಿದ್ದರು. ಅದಕ್ಕಿಂತ ನೋವು ಕೊಟ್ಟದ್ದು, ಹಳೆಯದರಲ್ಲಿ ಇದ್ದವೂ ಮಾಯವಾಗಿದ್ದವು. ಗೆಲುವಿನ ಮೇಲೆ ಸ್ಥಾನ ಕೊಡುವ ಪಟ್ಟಿ ಇಲ್ಲ. ಆಟಗಾರರ ಗುಂಪುಗಳಿಲ್ಲ.

ಇಷ್ಟಾದರೆ 'ಸರಿ, ನಾನು ಹಳೆಯದನ್ನೇ ಆಡಿಕೊಳ್ಳುತ್ತೇನೆ' ಅನ್ನಬಹುದಿತ್ತು. ಅದಕ್ಕೂ ಕಲ್ಲು ಬಿತ್ತು. ಹೊಸದನ್ನು ಕೊಳ್ಳದವರೂ ಕಂಪನಿಯ ಸರ್ವರ್‌ನಲ್ಲಿ ಆನ್‌ಲೈನ್ ಆಡಬೇಕಾದರೆ ಹೊಸ ಪ್ರೋಗ್ರಾಮನ್ನೇ ಹಾಕಿಕೊಳ್ಳಬೇಕಾಯಿತು. ಅಂದರೆ ಪಕ್ಕದ ಮನೆಯವರು ರಿಪೇರಿ ಮಾಡಿಸಿದ್ದಕ್ಕೆ ನಿಮ್ಮ ಮನೆಯ ನೀರು ನಿಂತ ಹಾಗೆ. ಸಿಟ್ಟು ಇಷ್ಟು ದೊಡ್ಡದಾಗಲು ನನ್ನ ಪ್ರಕಾರ ಮುಖ್ಯ ಕಾರಣ ಇದೇ. ಆಟಗಾರರು ಕಟ್ಟುವ ಹೊಸ ನಕ್ಷೆಗಳ ಹಕ್ಕು ಕಂಪನಿಗೇ ಸೇರುತ್ತದೆ ಅನ್ನುವ ಷರತ್ತು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು.

ಕಂಪನಿ ಕೇಳಿದವರಿಗೆ ದುಡ್ಡು ವಾಪಸ್ ಕೊಟ್ಟಿತು. 2021ರ ಜುಲೈನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. ಯೋಜನೆಗೆ ಕೊಟ್ಟ ಹಣ ಕಡಿಮೆಯಾಗಿತ್ತು, ಕೆಲಸದ ಅಗಲವನ್ನು ನಡುವೆಯೇ ಮೊಟಕು ಮಾಡಿದರು ಅನ್ನುವುದು ಅದರ ಸಾರ. ಸ್ಥಾನದ ಪಟ್ಟಿ ಮರಳಿ ಬಂದದ್ದು 2022ರಲ್ಲಿ. 2024ರ ನವೆಂಬರಿನಲ್ಲಿ ಬಂದ 2.0 ಆವೃತ್ತಿಯಲ್ಲಿ ಹಳೆಯ ಚಿತ್ರಗಳನ್ನೇ ತೀಡಿ ಸ್ವಚ್ಛ ಮಾಡಿದ ಒಂದು ಆಯ್ಕೆ ಕೊಟ್ಟರು. ಜನ ಮೊದಲು ಕೇಳಿದ್ದೇ ಅದನ್ನು.

ಮೂಲ ಕೋಡ್ ಎಲ್ಲಿ?

ಆಟವನ್ನು ನಾವು ಸಿಡಿಯಲ್ಲಿ ಕೊಳ್ಳುವಾಗ ನಮಗೆ ಸಿಗುವುದು ಬೇಯಿಸಿದ ಅಡುಗೆ. ಅದನ್ನು ಮಾಡುವ ವಿಧಾನ, ಅಂದರೆ ಮನುಷ್ಯರು ಓದಬಲ್ಲ ಮೂಲ ಕೋಡ್, ಕಂಪನಿಯ ಬಳಿಯೇ ಇರುತ್ತದೆ. ಇರಬೇಕು. ಆದರೆ ಇಪ್ಪತ್ತು ವರ್ಷದಲ್ಲಿ ಕಂಪನಿಗಳು ಮುಚ್ಚುತ್ತವೆ, ಮಾರಾಟವಾಗುತ್ತವೆ, ಹಾರ್ಡ್ ಡಿಸ್ಕ್‌ಗಳು ಕೆಡುತ್ತವೆ. 'ಕಮಾಂಡ್ ಅಂಡ್ ಕಾಂಕರ್' ಆಟ ಮಾಡಿದ ವೆಸ್ಟ್‌ವುಡ್ 2003ರಲ್ಲಿ ಮುಚ್ಚಿತು. ಎನ್‌ಸೆಂಬಲ್ 2009ರಲ್ಲಿ.

'ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3' ಇದಕ್ಕೆ ಒಳ್ಳೆಯ ಉದಾಹರಣೆ. 1999ರ ಈ ಆಟಕ್ಕೆ ಆಮೇಲೆ ಎರಡು ವಿಸ್ತರಣೆಗಳು, ಅಂದರೆ ಮೂಲ ಆಟಕ್ಕೆ ಸೇರಿಸಿಕೊಳ್ಳುವ ಹೊಸ ಭಾಗಗಳು, ಬಂದಿದ್ದವು. 2015ರಲ್ಲಿ ಯೂಬಿಸಾಫ್ಟ್ ಎಚ್‌ಡಿ ಆವೃತ್ತಿ ತಂದಾಗ ಅದರಲ್ಲಿ ಮೂಲ ಆಟ ಮಾತ್ರ ಇತ್ತು. ವಿಸ್ತರಣೆಗಳ ಮೂಲ ಕೋಡ್ ಸಿಗಲಿಲ್ಲ ಅಂತ ಕಂಪನಿಯೇ ಹೇಳಿತು. ಆಟದ ಅಭಿಮಾನಿಗಳು ಅಷ್ಟರಲ್ಲಾಗಲೇ ಪೂರ್ತಿ ಆಟಕ್ಕೆ ತಾವೇ ಒಂದು ಎಚ್‌ಡಿ ತಿದ್ದುಪಡಿ ಮಾಡಿ ಪುಕ್ಕಟೆ ಹಂಚುತ್ತಿದ್ದರು. ಹೀಗಿರುವಾಗ ಅರ್ಧ ಊಟಕ್ಕೆ ಯಾರು ದುಡ್ಡು ಕೊಡುತ್ತಾರೆ?

ದುಡ್ಡಿನ ಲೆಕ್ಕ

ಕಂಪನಿಗಳಿಗೆ ಇದರಲ್ಲಿ ಸಿಗುವ ಲಾಭ ಸುಲಭವಾಗಿ ಅರ್ಥವಾಗುತ್ತದೆ. ಹೊಸ ಆಟಕ್ಕೆ ಹೆಸರು ಮಾಡಿಸಲು ಜಾಹೀರಾತು ಬೇಕು. ಹಳೆಯ ಆಟಕ್ಕೆ ಹೆಸರು ಈಗಾಗಲೇ ಇದೆ. ಆಗ ಹುಡುಗರಾಗಿದ್ದವರ ಕೈಯಲ್ಲಿ ಈಗ ಸಂಬಳ ಇದೆ. ಚಿತ್ರ ಬಿಡಿಸುವ ಕೆಲಸವನ್ನು ಹೊರಗಿನ ಸ್ಟುಡಿಯೋಗಳಿಗೆ ಕೊಡಬಹುದು. ಆದರೆ ಒಳಗಿನ ಲೆಕ್ಕ ಅರ್ಥವಾಗುವವರು ಸಿಗುವುದು ಕಷ್ಟ, ಆ ಕೆಲಸಕ್ಕೆ ಹೊತ್ತೂ ಜಾಸ್ತಿ ಹಿಡಿಯುತ್ತದೆ, ಜಾಹೀರಾತಿನಲ್ಲಿ ತೋರಿಸಲೂ ಆಗುವುದಿಲ್ಲ. ಹಾಗಾಗಿ ದುಡ್ಡು ಚಿತ್ರದ ಕಡೆ ಹರಿಯುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರಿದ್ದಾರೆ. 1997ರ 'ಡಂಜನ್ ಕೀಪರ್' ಆಟವನ್ನು ಇಎ ಕಂಪನಿ 2014ರಲ್ಲಿ ಮೊಬೈಲಿಗೆ ತಂದಾಗ ಅದು ಉಚಿತ ಅಂತ ಹೇಳಿತು. ಆದರೆ ನೆಲದ ಕೆಲವು ತುಂಡುಗಳನ್ನು ಅಗೆಯಲು ಗಂಟೆಗಟ್ಟಲೆ ಕಾಯಬೇಕಿತ್ತು. ಕಾಯುವುದು ಬೇಡವಾದರೆ ದುಡ್ಡು ಕೊಡಬೇಕಿತ್ತು. ಆ ಜಾಹೀರಾತು ಜನರ ದಾರಿ ತಪ್ಪಿಸುತ್ತದೆ ಅಂತ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದೇ ವರ್ಷ ತೀರ್ಪು ಕೊಟ್ಟಿತು.

ನಮ್ಮ ನೆನಪಿನ ಪಾಲೂ ಇದೆ

ಎಲ್ಲ ತಪ್ಪನ್ನೂ ಕಂಪನಿಗಳ ತಲೆಗೆ ಕಟ್ಟಿದರೆ ನ್ಯಾಯವಾಗುವುದಿಲ್ಲ. ಹಳೆಯ ಗಾಜಿನ ಮಾನಿಟರುಗಳಲ್ಲಿ ಚುಕ್ಕೆಗಳು ಒಂದಕ್ಕೊಂದು ಸ್ವಲ್ಪ ಕಲೆತು ಚಿತ್ರ ಮೆದುವಾಗಿ ಕಾಣುತ್ತಿತ್ತು. ಉಳಿದದ್ದನ್ನು ತಲೆ ತುಂಬಿಕೊಳ್ಳುತ್ತಿತ್ತು. ನನ್ನ ನೆನಪಿನಲ್ಲಿರುವ ಕೋಟೆ ಪರದೆಯ ಮೇಲೆ ಯಾವತ್ತೂ ಅಷ್ಟು ದೊಡ್ಡದಾಗಿರಲಿಲ್ಲ. ಮೊನ್ನೆ ಹಳೆಯ ಚಿತ್ರ ತೆಗೆದು ನೋಡಿದೆ, ಬೆಂಕಿಪೊಟ್ಟಣದಷ್ಟಿದೆ.

ಮತ್ತೆ ಆ ಕೆಫೆ. ಎಸ್.ಪಿ. ರೋಡ್‌ನಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ನಾಲ್ಕು ಕಂಪ್ಯೂಟರ್, ಒಂದಕ್ಕೊಂದು ತಂತಿ. ಕರೆಂಟು ಹೋದರೆ ಯುಪಿಎಸ್‌ಗಳು ಒಟ್ಟಿಗೆ ಕೀ ಕೀ ಅನ್ನುತ್ತಿದ್ದವು. ಬ್ಯಾಟರಿ ಮುಗಿಯುವುದರೊಳಗೆ ಶತ್ರುವಿನ ಊರು ಸುಡಬೇಕು ಅಂತ ಎಲ್ಲರೂ ಒಟ್ಟಿಗೆ ನುಗ್ಗುವುದು. 'ಹೌ ಡು ಯು ಟರ್ನ್ ದಿಸ್ ಆನ್' ಅಂತ ಟೈಪ್ ಮಾಡಿದರೆ ಮಧ್ಯಯುಗದ ಬಯಲಿನಲ್ಲಿ ಬಂದೂಕು ಹಾರಿಸುವ ಕಾರು ಪ್ರತ್ಯಕ್ಷವಾಗುತ್ತಿತ್ತು. ಪಕ್ಕದಲ್ಲಿ ಕೂತವನ ಕಿರುಚಾಟ ಬೇರೆ. ಅದನ್ನು ಯಾವ ಕಂಪನಿ ರೀಮಾಸ್ಟರ್ ಮಾಡುತ್ತದೆ? ಈಗ ಆನ್‌ಲೈನ್ ಹೋದರೆ ಎದುರಿಗಿರುವವನು ಯಾವ ಸೆಕೆಂಡಿಗೆ ಯಾವ ಹಳ್ಳಿಗ ಎಲ್ಲಿರಬೇಕು ಅಂತ ಬಾಯಿಪಾಠ ಮಾಡಿರುತ್ತಾನೆ. ನಾವು ಇನ್ನೂ ಕುರಿ ಹುಡುಕುತ್ತಿರುವಾಗ ಅವನ ಸೇನೆ ಬಾಗಿಲಿಗೆ ಬಂದಿರುತ್ತದೆ.

ಹಳೆಯದನ್ನು ಇದ್ದ ಹಾಗೇ ಬಿಟ್ಟರೂ ಬೈಗುಳ ತಪ್ಪಿದ್ದಲ್ಲ. 2018ರಲ್ಲಿ ಮೊದಲ 'ಏಜ್ ಆಫ್ ಎಂಪೈರ್ಸ್'ನ ಡೆಫಿನಿಟಿವ್ ಆವೃತ್ತಿ ಬಂದಾಗ ಸೈನಿಕರು ಈಗಲೂ ದಾರಿ ತಪ್ಪಿ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದೇ ದೊಡ್ಡ ದೂರಾಯಿತು. 1997ರಲ್ಲಿ ನಾವು ಸಹಿಸಿದ್ದನ್ನು ಈಗ ಸಹಿಸಲು ಆಗಲಿಲ್ಲ.

ಸರಿಯಾಗಿ ಬಂದವು

2017ರ 'ಸ್ಟಾರ್‌ಕ್ರಾಫ್ಟ್ ರೀಮಾಸ್ಟರ್ಡ್' ಚಿತ್ರ ಮತ್ತು ಧ್ವನಿಯನ್ನು ಮಾತ್ರ ಹೊಸದು ಮಾಡಿತು. ಒಮ್ಮೆಗೆ 12 ಜನರನ್ನು ಮಾತ್ರ ಆರಿಸಬಹುದು ಅನ್ನುವ ಹಳೆಯ ಮಿತಿಯನ್ನೂ ಮುಟ್ಟಲಿಲ್ಲ. ಹೊಸಬರಿಗೆ ಅದು ಕಿರಿಕಿರಿ. ಆದರೆ ದಕ್ಷಿಣ ಕೊರಿಯಾದಲ್ಲಿ ಈ ಆಟದಿಂದಲೇ ಹೊಟ್ಟೆ ಹೊರೆಯುವ ಆಟಗಾರರಿದ್ದಾರೆ. ಅವರ ಬೆರಳಿಗೆ ಕೂತ ಲೆಕ್ಕ ತಪ್ಪಬಾರದಲ್ಲ.

2020ರ ಜೂನ್‌ನಲ್ಲಿ ಬಂದ 'ಕಮಾಂಡ್ ಅಂಡ್ ಕಾಂಕರ್' ಸಂಗ್ರಹವಂತೂ ಪಾಠದ ಹಾಗಿದೆ. 1995 ಮತ್ತು 1996ರ ಎರಡು ಆಟಗಳ ಹೊಸ ರೂಪ ಅದು. ಮುಚ್ಚಿಹೋದ ವೆಸ್ಟ್‌ವುಡ್‌ನ ಹಳೆಯ ಕೈಗಳಿದ್ದ ಪೆಟ್ರೋಗ್ಲಿಫ್ ಕಂಪನಿಗೆ ಇಎ ಕೆಲಸ ಕೊಟ್ಟಿತು. ಸಂಗೀತಕ್ಕೆ ಮೂಲ ಸಂಗೀತಗಾರ ಫ್ರಾಂಕ್ ಕ್ಲೆಪಾಕಿಯನ್ನೇ ಕರೆಸಿತು. ಆಟದ ನಡುವೆ ಸ್ಪೇಸ್ ಬಾರ್ ಒತ್ತಿದರೆ ಹೊಸ ಚಿತ್ರ ಮಾಯವಾಗಿ ಹಳೆಯ ಚಿತ್ರ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಹೊಸದು. ಅಡಿಯಲ್ಲಿ ಓಡುತ್ತಿರುವುದು ಅದೇ ಹಳೆಯ ಲೆಕ್ಕ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಕಂಪನಿ ಆ ಲೆಕ್ಕದ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿತು.

2019ರ ನವೆಂಬರಿನ 'ಏಜ್ ಆಫ್ ಎಂಪೈರ್ಸ್ 2 ಡೆಫಿನಿಟಿವ್' ನಡುದಾರಿ ಹಿಡಿಯಿತು. ಹೊಲ ಒಣಗಿದಾಗ ತಾನಾಗಿ ಮತ್ತೆ ಬಿತ್ತುವಂಥ ಅನುಕೂಲಗಳನ್ನು ಸೇರಿಸಿತು, ಮೂಲದ ಹದ ಕೆಡಿಸಲಿಲ್ಲ. 2022ರಲ್ಲಿ ಭಾರತದ ಮೇಲೆಯೇ ಒಂದು ವಿಸ್ತರಣೆ ಬಂತು. ಅಲ್ಲಿಯವರೆಗೆ 'ಇಂಡಿಯನ್ಸ್' ಅಂತ ಒಂದೇ ಬುಟ್ಟಿಯಲ್ಲಿದ್ದವರು ಹಿಂದೂಸ್ತಾನಿ, ಗುರ್ಜರ, ಬಂಗಾಳಿ, ದ್ರಾವಿಡ ಅಂತ ನಾಲ್ಕಾದರು. ದ್ರಾವಿಡರ ಸೈನಿಕರು ತಮಿಳಿನಲ್ಲಿ ಮಾತಾಡುತ್ತಾರೆ, ಉರುಮಿ ಬೀಸುತ್ತಾರೆ. ಹೊಯ್ಸಳರ ಹೆಸರಿನಲ್ಲೂ ಒಂದು ಸೇನೆ ಬರಲಿ, ಸಿಪಾಯಿ 'ಅಪ್ಪಣೆ' ಅನ್ನಲಿ ಅನ್ನುವುದು ನನ್ನಂಥವರ ಆಸೆ.

ಕೊಳ್ಳುವ ಮೊದಲು

ಟ್ರೇಲರ್ ನೋಡಬೇಡಿ, ಯಾರಾದರೂ ಪೂರ್ತಿ ಆಡಿದ ವೀಡಿಯೊ ನೋಡಿ. ಸೇನೆ ಸೇತುವೆ ದಾಟುವಾಗ ಏನು ಮಾಡುತ್ತದೆ ಅಂತ ಗಮನಿಸಿ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಒಟ್ಟು ಅಭಿಪ್ರಾಯ ಬೇರೆ, ಇತ್ತೀಚಿನ ಅಭಿಪ್ರಾಯ ಬೇರೆ ತೋರಿಸುತ್ತಾರೆ. ಮೊದಲು ಕೆಟ್ಟಿದ್ದು ಆಮೇಲೆ ಸರಿಯಾದ ಆಟಗಳೂ ಇವೆ, ಹಾಗಾಗಿ ಇತ್ತೀಚಿನದನ್ನು ಓದಿ. ಅಲ್ಲಿ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಹಳೆಯ ಆಟವನ್ನೇ ಹೊಸ ವಿಂಡೋಸ್‌ನಲ್ಲಿ ನಡೆಯುವಂತೆ ಸರಿಮಾಡಿ ಮಾರುವ ಜಿಒಜಿ ಅನ್ನುವ ಅಂಗಡಿಯೂ ಇದೆ. 'ಹೀರೋಸ್ 3' ಅಲ್ಲಿ ಎರಡೂ ವಿಸ್ತರಣೆಗಳ ಸಮೇತ ಸಿಗುತ್ತದೆ. ಆದರೆ ಹಳೆಯದು ಯಾವಾಗಲೂ ಇರುತ್ತದೆ ಅಂತ ನಂಬಬೇಡಿ. ವಾರ್‌ಕ್ರಾಫ್ಟ್ 1 ಮತ್ತು 2ರ ಹೊಸ ರೂಪ ಬಂದ ಮರುತಿಂಗಳು, 2024ರ ಡಿಸೆಂಬರಿನಲ್ಲಿ, ಹಳೆಯ ರೂಪದ ಮಾರಾಟ ಅಲ್ಲಿ ನಿಂತಿತು.

ನನ್ನ ಗೆಳೆಯ ಆಡಿದ್ದು ಒಂದು ಗಂಟೆ ನಲವತ್ತು ನಿಮಿಷ. ಮರುದಿನ ದುಡ್ಡು ವಾಪಸ್ ಕೇಳಿದ, ಬಂತು. ಮುಂದಿನ ಭಾನುವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಮಗಳ ಜೊತೆ ನಮ್ಮ ಮನೆಗೇ ಬಂದ. ಅದೇ ಗೇಮ್‌ನ ಹಳೆಯ ರೂಪವನ್ನು ಹಾಕಿಕೊಂಡಿದ್ದ. ಎರಡು ಲ್ಯಾಪ್‌ಟಾಪ್, ನಡುವೆ ಒಂದು ತಟ್ಟೆ ಚಕ್ಕುಲಿ. ಚಿತ್ರ ಇಷ್ಟೊಂದು ಚುಕ್ಕೆ ಚುಕ್ಕೆ ಯಾಕೆ ಅಂತ ಮಗಳು ಮೊದಲು ಮೂಗು ಮುರಿದಳು. ಐದು ನಿಮಿಷ ಸುಮ್ನೆ ನೋಡುತ್ತಾ ಕೂತಳು. ಆಮೇಲೆ ಪರದೆಗೆ ಬೆರಳಿಟ್ಟು, "ಅಪ್ಪಾ, ಈ ಬಿಲ್ಲಿನವರು ಬರ್ತಿದ್ದಾರಲ್ಲ, ಇವರು ಅಂಕಲ್ ಕಡೆಯವರಾ?" ಅಂದಳು.